ಕಂಬದ ವಕೀಲಮ್ಮ

ಅಲೆವೂರಿನ ಬಯಲಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಪ್ಪು ಕೋಟನ್ನು ಮಡಚಿ ಚೀಲಕ್ಕೆ ತುರುಕಿ, ವಕೀಲರಾದ ಇಮೆಲ್ಡಾ ರೊಸಾರಿಯೊ ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ದಾಪುಗಾಲು ಹಾಕುತ್ತಿದ್ದಾರೆ. ಹತ್ತಕ್ಕೆ ಉಡುಪಿಯ ಕೋರ್ಟಿನಲ್ಲಿರಬೇಕಾದವರಿಗೆ ಈ ಉದ್ದಿನ ಗದ್ದೆಯಲ್ಲಿ ಏನು ಕೆಲಸ ಅಂತೀರಾ? ಇವರ ವಕಾಲತ್ತೇ ಟೆಲಿಫೋನಿನದ್ದು, ಸ್ವಾಮಿ! ಇವತ್ತಿನ ಕಕ್ಷಿದಾರರು ಇಲ್ಲಿಯ ಪಂಚಾಯತಿಯವರು, ತಕರಾರು ಒಂದು ಕಂಬದ್ದು.

ಅಲೆವೂರಿಗೆ ಮೊದಲ ಟೆಲಿಫೋನ್ ಮಂಜೂರಾಗಿದೆ. ಗಡುವು ಮಾರ್ಚ್ ಮೂವತ್ತೊಂದು, ಅಂದರೆ ನಾಡಿದ್ದು ಶನಿವಾರ. ಉಡುಪಿಯಿಂದ ಹೊರಟ ತಂತಿ ಗುಡ್ಡ ಹತ್ತಿ ತೋಡು ದಾಟಿ ಬಂದು ಶೀನ ಪೂಜಾರಿಯ ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟಿದೆ. ಶನಿವಾರದೊಳಗೆ ಅದು ಪಂಚಾಯತಿ ಕಚೇರಿ ಮುಟ್ಟದಿದ್ದರೆ ಮಂಜೂರಾತಿ ರದ್ದು, ಫೋನ್ ಬೇರೆ ಊರಿನ ಪಾಲು. "ಹೆರಿಗೆ ಕಷ್ಟ ಆದಾಗ ಡಾಕ್ಟರನ್ನು ಕರೆಯಲಿಕ್ಕೆ ಉಡುಪಿಗೆ ಜನ ಓಡಿಸಬೇಕು. ಅವರು ಬರುವಷ್ಟರಲ್ಲಿ ಎಷ್ಟೋ ಸಲ ಎಲ್ಲ ಮುಗಿದಿರ್ತದೆ" ಎನ್ನುತ್ತಾರೆ ಊರಿನ ದಾದಿ ಚಂಪಾ. ಬೆಳಿಗ್ಗೆ ಎದ್ದು ಅವರೂ ಬಂದು ಹುಣಿಯ ಮೇಲೆ ನಿಂತಿದ್ದಾರೆ.

ಕಂಬಕ್ಕೆ ಗುರುತು ಹಾಕಿದ ಜಾಗದಲ್ಲೇ ಶೀನ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನಿನ್ನೆಯೂ ಅಲ್ಲೇ, ಮೊನ್ನೆಯೂ ಅಲ್ಲೇ. "ಮೊದಲು ನನ್ನನ್ನು ಹೂಳಿ, ಅದರ ಮೇಲೆ ಕಂಬ ನೆಡಿ!" ಎಂದು ಅವರ ಕೂಗು.

ಇಂಥ ಕೂಗು ಇಮೆಲ್ಡಾ ಅವರಿಗೆ ಹೊಸದಲ್ಲ. ಕಾರ್ಕಳದ ಅಂಚೆಕಚೇರಿಯಲ್ಲಿ ತಂತಿ ಗುಮಾಸ್ತರಾಗಿದ್ದ ಲಿಯೋನೆಲ್ ಅವರ ಮಗಳು ಇವರು. ಮದ್ರಾಸಿನಲ್ಲಿ ಕಾನೂನು ಓದಿ, ಐವತ್ತೆರಡನೇ ಇಸವಿಯಲ್ಲಿ ಉಡುಪಿಗೆ ಬಂದು ಕೂತರೆ, ಹೆಂಗಸಿನ ಹತ್ತಿರ ಯಾರು ಬರುತ್ತಾರೆ? ಹಿರಿಯ ವಕೀಲರು ತಮಗೆ ಬೇಡವಾದ ಕಡತಗಳನ್ನೆಲ್ಲ ಇವರ ಮೇಜಿಗೆ ತಳ್ಳಿದರು. ಕಂಬದ ಜಗಳ, ತಂತಿಗೆ ತಾಗಿದ ತೆಂಗಿನ ಮರದ ಜಗಳ, ರೇಡಿಯೋ ಲೈಸೆನ್ಸಿನ ರಗಳೆ. "ಕಂಬದ ವಕೀಲಮ್ಮ" ಎಂದು ಕೋರ್ಟಿನ ವರಾಂಡದಲ್ಲಿ ನಕ್ಕದ್ದೂ ಆಯಿತು. ನಗಲಿ ಬಿಡಿ! ಹತ್ತು ವರ್ಷದಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ಅರವತ್ತೆರಡು ಕಂಬದ ತಕರಾರು ಇವರ ಕೈಗೆ ಬಂದಿವೆ, ಕೋರ್ಟು ಹತ್ತಿದ್ದು ನಾಲ್ಕೇ. ಉಳಿದದ್ದೆಲ್ಲ ಹೀಗೆ ಬೆಳಗಾಗುವ ಮುಂಚೆ, ಗದ್ದೆಯಲ್ಲೇ ತೀರ್ಮಾನ.

ದಿನಾ ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ಕರಾರುಪತ್ರಗಳ ಕೆಲಸ. ಮಲ್ಪೆಯ ಮೀನಿನ ವ್ಯಾಪಾರಿಯೊಬ್ಬರು ಅಂಗಡಿ ಕೊಂಡು, ಅದರೊಳಗಿನ ಫೋನೂ ತಮ್ಮದೇ ಎಂದುಕೊಂಡಿದ್ದರಂತೆ. "ಬಾಗಿಲು ನಿಮ್ಮದು, ಕಪಾಟು ನಿಮ್ಮದು. ಫೋನ್ ಮಾತ್ರ ಸರಕಾರದ್ದು ಮಾರಾಯ್ರೆ, ಕೇಳದೆ ಕೈ ಬದಲಾಗುವುದಿಲ್ಲ ಅಂತ ಹೇಳಿ ಅರ್ಜಿ ಬರೆದುಕೊಟ್ಟೆ" ಎಂದು ಇಮೆಲ್ಡಾ ನಗುತ್ತಾರೆ.

ಈಗ ಅವರು ಶೀನ ಅವರ ಎದುರು ಮಣ್ಣಿನಲ್ಲೇ ಕೂರುತ್ತಾರೆ. "ಶೀನಣ್ಣ, ಎಂತ ಹೆದರಿಕೆ ನಿಮಗೆ?"

"ಗದ್ದೆ ಧಣಿಗಳದ್ದು, ಅಪ್ಪನ ಕಾಲದಿಂದ ಉಳುವುದು ನಾವು, ಬಾಯಮ್ಮ. ಚಾಲಗೇಣಿ, ಧಣಿಗಳು ಬೇಡ ಅಂದ ದಿನ ಬಿಡಬೇಕು, ಎಲ್ಲ ಬಾಯಿಮಾತು. ಒಂದು ಚೂರು ಕಾಗದ ಇಲ್ಲ. ಕಂಬಕ್ಕೆ ಧಣಿಗಳ ಸಹಿ ಸಾಕಾಯಿತಂತೆ. ನಾಳೆ ನನ್ನನ್ನು ಎಬ್ಬಿಸಲಿಕ್ಕೂ ಅದೇ ಸಹಿ ಸಾಕು, ಅಲ್ವಾ?"

ಪಂಚಾಯತಿ ಅಧ್ಯಕ್ಷ ಕರುಣಾಕರ ಶೆಟ್ಟರಿಗೆ ತಾಳ್ಮೆ ತಪ್ಪಿದೆ. "ಮಂಗಳೂರಿಗೆ, ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ ಪೊಲೀಸರನ್ನು ಕರೆಸಬಹುದಲ್ವಾ ವಕೀಲರೇ?"

"ಕರೆಸಬಹುದು, ಕಾನೂನಿನಲ್ಲಿ ದಾರಿ ಉಂಟು. ಶನಿವಾರದೊಳಗೆ ಬರ್ತಾರಾ? ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಉಂಟು. ಕಂಬ ನೆಟ್ಟ ಮಾತ್ರಕ್ಕೆ ಜಾಗ ಸರಕಾರದ್ದಾಗುವುದಿಲ್ಲ. ಬೆಳೆ ಹಾಳಾದರೆ, ಅದರಲ್ಲಿ ಹಕ್ಕಿದ್ದವರಿಗೆಲ್ಲ ಪರಿಹಾರ ಕೊಡಬೇಕು. ಈ ಉದ್ದು ಬಿತ್ತಿದ್ದು ಯಾರು, ಧಣಿಗಳಾ?"

ಟೆಲಿಫೋನ್ ಇಲಾಖೆಯ ಲೈನ್ ಇನ್‌ಸ್ಪೆಕ್ಟರ್ ತಾರಾನಾಥ ಮೆಲ್ಲಗೆ ತಮ್ಮ ಕೈಯಲ್ಲಿನ ಬೆಳೆ ಹಾನಿಯ ನಮೂನೆ ನೋಡುತ್ತಾರೆ. ರೂಢಿಯಂತೆ ಅದರಲ್ಲೂ ಧಣಿಗಳ ಹೆಸರನ್ನೇ ಬರೆದುಬಿಟ್ಟಿದ್ದಾರೆ! ಇಮೆಲ್ಡಾ ಹೊಸ ನಮೂನೆಗೆ ಕೈ ಚಾಚುತ್ತಾರೆ.

"ಧಣಿಗಳು ಸಿಟ್ಟಾದರೆ?" ತಾರಾನಾಥರ ಅನುಮಾನ.

"ಸಿಟ್ಟಿಗೆ ನಮೂನೆಯಲ್ಲಿ ಕಾಲಂ ಇಲ್ಲ ಮಾರಾಯ್ರೆ. ಬರೆಯಿರಿ: ಗದ್ದೆಯನ್ನು ಸಾಗುವಳಿ ಮಾಡುತ್ತಿರುವವರು, ಶೀನ ಪೂಜಾರಿ."

ತಾರಾನಾಥ ಬರೆಯುತ್ತಾರೆ, ಸಹಿ ಹಾಕುತ್ತಾರೆ, ಮೊಹರು ಒತ್ತುತ್ತಾರೆ. ಶೀನ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆಯುತ್ತಾರೆ. ಒಂದು ಪ್ರತಿ ಅವರ ಕೈಗೆ ಬರುತ್ತದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮುಂಡಾಸಿನ ಮಡಿಕೆಯಲ್ಲಿ ಸೇರಿಸಿ, ಎದ್ದು ನಿಂತು ಕೂಲಿಯವನ ಕೈಯಿಂದ ಹಾರೆ ಕಿತ್ತುಕೊಳ್ಳುತ್ತಾರೆ. "ಇಲ್ಲಿ ಬೇಡ, ನೇಗಿಲು ತಿರುಗುವ ಜಾಗ. ಒಂದು ಮಾರು ಆಚೆ" ಎಂದು ತಾವೇ ಅಗೆಯಲು ಶುರು! ಅಬ್ಬಾ, ಮೂರು ದಿನ ಅಡ್ಡ ಕೂತ ಮನುಷ್ಯ ಇವರೇನಾ? ಎಂಟು ಗಂಟೆಯ ಹೊತ್ತಿಗೆ ಹಗ್ಗ ಬಿಗಿದು, ಹೋ ಎಂದು ಕೂಗಿ, ಊರವರೆಲ್ಲ ಸೇರಿ ಕಂಬ ಎತ್ತುತ್ತಾರೆ. ಇನ್ನು ಐದೇ ಕಂಬ. ಶುಕ್ರವಾರ ಸಂಜೆಯೊಳಗೆ ಮುಗಿಸುವುದು ತಮ್ಮ ಹೊಣೆ ಎನ್ನುತ್ತಾರೆ ತಾರಾನಾಥ. ಚಂಪಾ ಅವರ ಕಣ್ಣು ತುಂಬಿದೆ.

ಊರಿಗೆ ಫೋನ್ ತರಿಸಿಬಿಟ್ಟಿರಲ್ಲ ಎಂದರೆ ಇಮೆಲ್ಡಾ ಕಾಲಿನ ಮಣ್ಣು ತೊಳೆಯುತ್ತ ತಲೆ ಅಲ್ಲಾಡಿಸುತ್ತಾರೆ. "ಫೋನ್ ಇವತ್ತಲ್ಲದಿದ್ದರೆ ನಾಳೆ ಎಲ್ಲ ಊರಿಗೂ ಬರ್ತದೆ. ಇಷ್ಟು ವರ್ಷ ಉತ್ತ ಗದ್ದೆಗೆ ಶೀನಣ್ಣನ ಕೈಯಲ್ಲಿ ಒಂದು ಕಾಗದ ಇರಲಿಲ್ಲ. ಈಗ ಸರಕಾರದ ಮೊಹರಿನದ್ದೇ ಉಂಟು. ನಾಳೆ ಯಾರಾದರೂ ನೀನು ಯಾರು ಅಂತ ಕೇಳಿದರೆ ಅದನ್ನು ತೆಗೆದು ತೋರಿಸಲಿ. ಅದನ್ನು ಬರೆಸಿದ್ದು ನಾನು."