ಓರೆಸ್ತೆ ಸಾಯುವಾಗ ಆಡಿದ ಮಾತು

ಹದಿನೆಂಟು ವರ್ಷದಿಂದ ಸಾಯುವುದೇ ಓರೆಸ್ತೆಯ ಕಸುಬಾಗಿತ್ತು. ರೋಮಿನ ಸ್ಟುಡಿಯೋದಲ್ಲಿ ಹಳೆಯ ಕಾಲದ ಸಿನಿಮಾ ತೆಗೆಯುವಾಗಲೆಲ್ಲ ಅವನಿಗೆ ಕರೆ ಬರುತ್ತಿತ್ತು. ಗ್ಲೇಡಿಯೇಟರ್ ಆಗಿ ಅಖಾಡಕ್ಕಿಳಿಯುವುದು, ನಾಯಕನ ಕತ್ತಿಗೆ ಎದೆಯೊಡ್ಡುವುದು, ಮರಳಿನ ಮೇಲೆ ದೊಪ್ಪೆಂದು ಬೀಳುವುದು. ತಲೆಗೆ ಸದಾ ಮುಖ ಮುಚ್ಚುವ ಕಬ್ಬಿಣದ ಟೋಪಿ. ಭಾನುವಾರ ಕ್ವಾದ್ರಾರೋ ಬಡಾವಣೆಯ ಟಾಕೀಸಿನಲ್ಲಿ ಹೆಂಡತಿ ಎರ್ಸಿಲಿಯಾ ಅವನ ಸೊಟ್ಟ ಮೊಣಕಾಲು ನೋಡಿ ಗುರುತು ಹಿಡಿಯುತ್ತಿದ್ದಳು. “ಈ ಹೆಣ ನಮ್ಮದೇ” ಎಂದು ಪಕ್ಕದವರಿಗೆ ಹೇಳುತ್ತಿದ್ದಳು.

ಆ ವರ್ಷ ಅವಳ ಕಣ್ಣು ಮಂಜಾಗತೊಡಗಿತು. ದೃಷ್ಟಿ ಇನ್ನೊಂದು ವರ್ಷ ಉಳಿದರೆ ಹೆಚ್ಚು ಎಂದರು ಡಾಕ್ಟರು.

“ಒಂದೇ ಒಂದ್ಸಲ ಟೋಪಿ ತೆಗೆದು ಸಾಯಿ ಮಾರಾಯ” ಎಂದಳು ಎರ್ಸಿಲಿಯಾ. “ಕಣ್ಣು ಹೋಗೋದ್ರೊಳಗೆ ನೋಡ್ಕೋತೀನಿ.”

ಯಾರ ಹತ್ತಿರವೂ ಏನನ್ನೂ ಬೇಡದ ಮನುಷ್ಯ, ನಾಚಿಕೆ ಬಿಟ್ಟು ಡೈರೆಕ್ಟರ ಮುಂದೆ ನಿಂತ. ಆತ ಒಳ್ಳೆಯ ಮೂಡಿನಲ್ಲಿದ್ದನೋ ಏನೋ, ಒಪ್ಪಿದ. ಟೋಪಿ ಇಲ್ಲ, ಮುಖ ಕಾಣಿಸುತ್ತದೆ, ಒಂದು ಮಾತೂ ಉಂಟು: “ಸ್ವಾತಂತ್ರ್ಯಕ್ಕಾಗಿ ಸಾಯುತ್ತೇನೆ!”

ಓರೆಸ್ತೆ ತಲೆ ಕೆರೆದುಕೊಂಡ. “ಡೈರೆಕ್ಟ್ರೇ, ಗ್ಲೇಡಿಯೇಟರುಗಳು ಅದಕ್ಕೆಲ್ಲ ಸಾಯ್ತಿರ್ಲಿಲ್ಲ.”

“ಮತ್ತೆ ಯಾತಕ್ಕಂತೆ, ಪ್ರೊಫೆಸರ್?”

“ಎಷ್ಟೋ ಜನ ತಾವಾಗೇ ಬಂದು ಸೇರ್ಕೊಂಡೋರು. ಹೊಟ್ಟೆ ತುಂಬ ಊಟ ಸಿಗುತ್ತೆ, ಜನ ಹೆಸರು ಹಿಡಿದು ಕೂಗ್ತಾರೆ ಅಂತ. ಹಳೇ ರಸ್ತೆ ಪಕ್ಕ ಅಂಥವನೊಬ್ಬನ ಸಮಾಧಿ ಕಲ್ಲಿದೆ, ಅವನ ಹೆಂಡ್ತಿ ನಿಲ್ಲಿಸಿದ್ದು. ಪಾದ್ರಿಗಳ ಹತ್ರ ಓದಿಸ್ದೆ. ಅದರಲ್ಲಿ ಸ್ವಾತಂತ್ರ್ಯದ ಮಾತೇ ಇಲ್ಲ. ಅವನ ಹೆಸರಿದೆ, ಅಷ್ಟೇ.”

ಡೈರೆಕ್ಟರ್ ನಕ್ಕುಬಿಟ್ಟ. “ಸರಿ, ನಾಳೆ ನಿನಗೆ ತೋಚಿದ್ದು ಹೇಳ್ಕೊಂಡು ಸಾಯಿ.”

ಸಂಜೆ ಅಡುಗೆಮನೆಯಲ್ಲೇ ತಾಲೀಮು. ಎರ್ಸಿಲಿಯಾ ಕಡಲೆಕಾಳಿನ ಸಾರು ಕಲಕುತ್ತ ನಿಂತಿದ್ದಳು, ಅವನು ನೆಲದ ಮೇಲೆ ಬಿದ್ದುಕೊಂಡು ಹೇಳುತ್ತಿದ್ದ: “ಕೈ ನಡುಗಿಸಬೇಡ ಗೆಳೆಯಾ. ಕಲ್ಲಿನ ಮೇಲೆ ನನ್ನ ಹೆಸರು ಹಾಕಿಸು ಅಂತ ನನ್ನವಳಿಗೆ ಹೇಳು.”

“ನಿಧಾನಕ್ಕೆ ಹೇಳು, ಬಸ್ಸು ತಪ್ಪೋ ಹಾಗೆ ಆಡ್ಬೇಡ” ಎಂದು ಬೈದಳು. ನಾಲ್ಕನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಕ್ಯಾಮೆರಾದ ಮುಂದೆ ಇನ್ನೂ ಚೆನ್ನಾಗಿ ಬಂತು. ಕತ್ತಿ ಹಿಡಿದ ನಾಯಕನೇ ಬಗ್ಗಿ ಅವನ ಬೆನ್ನು ತಟ್ಟಿದ.

ಸಿನಿಮಾ ಬರಲು ಹನ್ನೊಂದು ತಿಂಗಳು ಹಿಡಿಯಿತು. ಎರ್ಸಿಲಿಯಾಳ ಕಣ್ಣು ಎಂಟನೆಯ ತಿಂಗಳಿಗೇ ಪೂರ್ತಿ ಹೋಯಿತು. ಓರೆಸ್ತೆ ಮಂಕಾಗಿ ಕುಳಿತರೆ ಅವಳೇ ಎಬ್ಬಿಸಿದಳು. “ಕಿವಿ ಇದೆಯಲ್ಲೋ. ನಿನ್ನ ದನಿ ನನಗೆ ಗೊತ್ತಾಗಲ್ವಾ? ನಡಿ.”

ಟಾಕೀಸಿನಲ್ಲಿ ಅವಳು ಮದುವೆಯ ಓಲೆ ಹಾಕಿಕೊಂಡು, ಅವನ ತೋಳು ಹಿಡಿದು ಕುಳಿತಳು. ಅಖಾಡ ಬಂತು. ಗೋಡೆಯಗಲ ಓರೆಸ್ತೆಯ ಮುಖ ಬಂತು, ಟೋಪಿಯಿಲ್ಲದೆ. ತುಟಿ ಅಲುಗಿತು. ಯಾರದೋ ದಪ್ಪ ಗಂಟಲು ಗುಡುಗಿತು: “ಸ್ವಾತಂತ್ರ್ಯಕ್ಕಾಗಿ ಸಾಯುತ್ತೇನೆ!”

ರೋಮಿನ ಸಿನಿಮಾದಲ್ಲಿ ಕ್ಯಾಮೆರಾ ಮುಂದೆ ಆಡಿದ ಮಾತನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಮೇಲೆ ಮುಚ್ಚಿದ ಕೋಣೆಯಲ್ಲಿ ಬೇರೆಯವರು ಕೂತು ಎಲ್ಲರಿಗೂ ದನಿ ಕೊಡುತ್ತಾರೆ. ಅಲ್ಲಿ ಚಹಾ ಕೊಡುವವನಿಗೂ ಇದು ಗೊತ್ತು. ಓರೆಸ್ತೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹದಿನೆಂಟು ವರ್ಷ ಬಾಯಿ ಬಿಡದೆ ಸತ್ತವನಿಗೆ ದನಿಯ ಚಿಂತೆ ಎಂದೂ ಬಂದಿರಲಿಲ್ಲ. ಥೂ ನನ್ನ ಜನ್ಮಕ್ಕೆ ಎಂದು ಹಲ್ಲು ಕಚ್ಚಿದ.

“ಯಾರೋ ಸತ್ತ ಅಲ್ವಾ?” ಎರ್ಸಿಲಿಯಾ ಪಿಸುಗುಟ್ಟಿದಳು. “ನಿನ್ನದು ಯಾವಾಗ?”

“ಇನ್ನೂ ಇದೆ” ಎಂದ.

ದೀಪ ಹತ್ತಿ ಜನ ಎದ್ದರೂ ಅವಳು ಪರದೆಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

“ಕತ್ತರಿಸಿ ಹಾಕಿದ್ದಾರೆ ಕಣೇ” ಎಂದ ಓರೆಸ್ತೆ.

ಅವನು ಕೈ ಹಿಡಿದು ಮೆಟ್ಟಿಲು ಇಳಿಸುವಾಗ ಅವಳು ಕೇಳಿದಳು. “ಸ್ವಾತಂತ್ರ್ಯ ಅಂತ ಅರಚಿದನಲ್ಲ, ಯಾರವನು?”

“ಯಾರೋ. ನನಗೆ ಪರಿಚಯ ಇಲ್ಲ.”