ಲೀಡಿಸ್ ಬೆನ್ನಿನ ಸರಳುಗಳು

ಸಾನ್ ಹಸಿಂತೋದ ಕೋರ್ಟಿನ ಎದುರಿಗೆ, ಬಾದಾಮಿ ಮರದ ಕೆಳಗೆ, ಮೂವತ್ತೊಂದು ವರ್ಷದಿಂದ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೇನೆ. ನಾನು ವಕೀಲನಲ್ಲ. ವಕೀಲರ ಮೆಟ್ಟಿಲು ಹತ್ತಲಾಗದವರು ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರಿಗೆ ಬೇಕಾಗುವುದು ತುತೇಲಾ. ಯಾರು ಬೇಕಾದರೂ ಜಡ್ಜಿಗೆ ಕೊಡಬಹುದಾದ, ಹತ್ತು ದಿನದೊಳಗೆ ತೀರ್ಪು ಬರಲೇಬೇಕಾದ ಅರ್ಜಿ ಅದು. ನಮ್ಮಲ್ಲಿ ಡಾಕ್ಟರು ಬರೆದ ಚೀಟಿಗೆ ಆರೋಗ್ಯ ವಿಮೆಯ ಕಂಪನಿ ಅಲುಗಾಡುವುದಿಲ್ಲ. ಜಡ್ಜಿ ಬರೆದರೆ ಮಾತ್ರ ಮೈ ಕೊಡವಿಕೊಂಡು ಏಳುತ್ತದೆ. ನಾನು ಬರೆದು ಗೆದ್ದ ಅರ್ಜಿಗಳ ಕಥೆ ಊರಿನವರೇ ಹೇಳುತ್ತಾರೆ. ನಾನು ಹೇಳಬೇಕಾಗಿರುವುದು ಗೆದ್ದು ಕೆಡಿಸಿದ ಒಂದರದು.

ಅವಳ ಪೂರ್ತಿ ಹೆಸರು ಎವೆರ್ಲೀಡಿಸ್ ಬುಯೆಲ್ವಾಸ್. ಎಲ್ಲರಿಗೂ ಲೀಡಿಸ್. ಹನ್ನೆರಡನೇ ವಯಸ್ಸಿಗೆ ಬೆನ್ನುಮೂಳೆ ಸೊಟ್ಟಗಾಗತೊಡಗಿ, ಹದಿನಾಲ್ಕಕ್ಕೆ ಒಂದು ಭುಜ ಕಿವಿಯ ಹತ್ತಿರ, ಇನ್ನೊಂದು ಎಲ್ಲೋ ಕೆಳಗೆ. ಅವಳ ತಾಯಿ ಎರ್ಮೆಲಿಂದಾ, ಮಲಗಲು ತೂಗುಹಾಕುವ ಜೋಲಿ ನೇಯುವ ಹೆಂಗಸು, ನನ್ನ ಮೇಜಿನ ಮುಂದೆ ಬಂದು ಕೂತವಳು ಏಳಲೇ ಇಲ್ಲ. ತುತೇಲಾ ಬರೆದೆ, ಗೆದ್ದೆವು. ಕಾರ್ತಹೇನಾದ ಆಸ್ಪತ್ರೆಯಲ್ಲಿ ಹುಡುಗಿಯ ಬೆನ್ನಿಗೆ ಎರಡು ಸರಳು, ಹದಿನೆಂಟು ಸ್ಕ್ರೂ ಹಾಕಿ ನೆಟ್ಟಗೆ ಮಾಡಿದರು. ಆ ಸಂತೋಷಕ್ಕೆ ಎರ್ಮೆಲಿಂದಾ ಚರ್ಚಿನಲ್ಲಿ ಮಗಳ ದೃಢೀಕರಣ ಸಂಸ್ಕಾರದಲ್ಲಿ ನನ್ನನ್ನೇ ಧರ್ಮಪಿತನನ್ನಾಗಿ ನಿಲ್ಲಿಸಿದಳು. ಅಂದಿನಿಂದ ಲೀಡಿಸ್‌ಗೆ ನಾನು ಪಾದ್ರೀನೊ, ಅವಳ ತಾಯಿಗೆ ಕೊಂಪಾದ್ರೆ ಎಂಬ ನೆಂಟ. ಸರಳು ಕಾಣುವ ಎಕ್ಸ್‌ರೇಗೆ ಎರ್ಮೆಲಿಂದಾ ಕಟ್ಟು ಹಾಕಿಸಿ, ಯೇಸುವಿನ ಪಟದ ಪಕ್ಕ ತೂಗುಹಾಕಿದಳು.

ಹುಡುಗಿ ಸೊಗಸಾಗಿ ಬೆಳೆದಳು. ಬಗ್ಗಲು ಮಾತ್ರ ಬರುತ್ತಿರಲಿಲ್ಲ. ಶಾಲೆಯಲ್ಲಿ ಪೊರಕೆ ಕಡ್ಡಿ ಎಂದು ಕರೆದರೆ, ನಿಮ್ಮ ಮನೆ ಗುಡಿಸೋಕೆ ಬರಲ್ಲ ಹೋಗ್ರೋ ಎನ್ನುತ್ತಿದ್ದಳು. ಚರ್ಚಿನಲ್ಲಿ ಎಲ್ಲರೂ ತಲೆ ತಗ್ಗಿಸಿದಾಗ ಇವಳೊಬ್ಬಳು ನೆಟ್ಟಗೆ ನಿಂತಿರುವುದನ್ನು ಕಂಡು ಹೊಸದಾಗಿ ಬಂದ ಪಾದ್ರಿ ಇದೇನು ಸೊಕ್ಕು ಎಂದು ಬೈದರಂತೆ. ಅವಳು ರವಿಕೆಯ ಮೇಲಿನಿಂದಲೇ ಅವರ ಬೆರಳಿಗೆ ಸ್ಕ್ರೂ ಮುಟ್ಟಿಸಿ ಕಳಿಸಿದಳು. ತಾಯಿ ಮಗಳು ನೆಟ್ಟಗೆ ನಿಲ್ಲಿಸಿದ ಒಂದೇ ಮಗ್ಗದಲ್ಲಿ ನೇಯುತ್ತಿದ್ದರು. ನಿಂತು ನೇಯುವ ಮೇಲಿನ ಭಾಗ ಮಗಳದು, ಕೂತು ಬಗ್ಗಿ ನೇಯುವ ಕೆಳಗಿನ ಭಾಗ ತಾಯಿಯದು. ಎರಡು ಕೈಯ ಕೆಲಸ ಎಂದು ಹೇಳಲಾಗದಷ್ಟು ಹದವಾಗಿರುತ್ತಿತ್ತು ಆ ಜೋಲಿ.

ಮೂವತ್ತನೇ ವಯಸ್ಸಿನಲ್ಲಿ ಸೊಂಟದ ಮೇಲೆ, ಹಳೆಯ ಗಾಯದ ಕೆಳತುದಿಯಲ್ಲಿ, ಸೊಳ್ಳೆ ಕಚ್ಚಿದಷ್ಟು ದೊಡ್ಡದೊಂದು ಗುಳ್ಳೆ ಎದ್ದಿತು. ಒಡೆದು ಸೋರತೊಡಗಿತು. ಊರಿನ ಆರೋಗ್ಯ ಕೇಂದ್ರದವರು ಕುರು ಎಂದು ಮಾತ್ರೆ ಕೊಟ್ಟರು. ಒಣಗಿತು, ಮತ್ತೆ ಸೋರಿತು. ಮತ್ತೆ ಕುರು, ಮತ್ತೆ ಮಾತ್ರೆ. ಐದು ಸಲ ಹೀಗೇ ಆಯಿತು. ಬೆನ್ನಲ್ಲಿ ಲೋಹ ಇದೆ ಎಂದು ಅವಳು ಬಾಯಿಬಿಟ್ಟು ಹೇಳಿದರೂ ಒಬ್ಬರಾದರೂ ಆ ಕಡೆ ಯೋಚನೆ ಮಾಡಲಿಲ್ಲ. ಎರ್ಮೆಲಿಂದಾ ಬೇರೆ ಲೋಳೆಸರ ಸೀಳಿ ಕಟ್ಟುತ್ತಿದ್ದಳು. ವರ್ಷ ಕಳೆದ ಮೇಲೆ ಕಾರ್ತಹೇನಾದ ಡಾಕ್ಟರ್ ಒಸ್ಪೀನೋ ನೋಡಿದರು. ಚಿಕ್ಕ ವಯಸ್ಸಿನ ಮನುಷ್ಯ, ಮಾತು ನೇರ. ಸೋಂಕು ಸರಳಿನ ಮೇಲೆ ಅಂಟಿ ಕೂತಿದೆ, ಅಲ್ಲಿಗೆ ಔಷಧಿ ಹೋಗುವುದಿಲ್ಲ, ಮೂಳೆಗಳು ಬೆಸೆದು ಎಷ್ಟೋ ವರ್ಷವಾಯಿತು, ಸರಳಿನ ಕೆಲಸ ಮುಗಿದಿದೆ, ತೆಗೆದು ತೊಳೆದು ಆರು ವಾರ ಔಷಧಿ ಕೊಡುತ್ತೇನೆ, ಬೇರೇನೂ ಹಾಕುವುದಿಲ್ಲ ಎಂದರು. ಬೇಗ ಆಗಬೇಕು, ಸೋಂಕು ಮೂಳೆಗೆ ಇಳಿದರೆ ಕಷ್ಟ ಎಂದೂ ಹೇಳಿದರು.

ಕಂಪನಿ ಎರಡು ತಿಂಗಳು ಅನುಮತಿ ಕೊಡಲಿಲ್ಲ. ಹೋದಾಗಲೆಲ್ಲ ಟೋಕನ್ ತಗೊಳ್ಳಿ, ಸೋಮವಾರ ಬನ್ನಿ, ಸಿಸ್ಟಂ ಕೆಟ್ಟಿದೆ ಎನ್ನುತ್ತಿದ್ದರು. ಕೊನೆಗೆ ತಾಯಿ ಮಗಳು ನನ್ನ ಮರದ ಕೆಳಗೆ ಬಂದರು.

ಈಗ ನನ್ನ ಕಸುಬಿನ ಒಂದು ಚಾಳಿ ಹೇಳಬೇಕು. ತುತೇಲಾ ಬರೆಯುವವರೆಲ್ಲರದೂ ಇದೇ ಚಾಳಿ. ಬೇಕಾದದ್ದಕ್ಕಿಂತ ಹೆಚ್ಚು ಕೇಳುವುದು. ಕನ್ನಡಕ ಬೇಕಾದರೆ ಕನ್ನಡಕ, ಕಣ್ಣಿನ ಆಪರೇಷನ್, ಬಸ್ಸು, ಊಟ, ಜೊತೆಗೊಬ್ಬರು ಎಂದು ಬರೆಯುತ್ತೇವೆ. ಕಂಪನಿ ಹೇಗೂ ಕಿತ್ತುಕೊಳ್ಳುತ್ತದೆ, ಕಿತ್ತು ಉಳಿದದ್ದು ಕನ್ನಡಕವಾದರೂ ಆಗಲಿ ಎಂದು.

ಲೀಡಿಸ್ ಸ್ಪಷ್ಟವಾಗಿ ಹೇಳಿದಳು, "ಪಾದ್ರೀನೊ, ತೆಗೆಯೋದು ಅಂತ ಅಷ್ಟೇ ಬರೀರಿ. ಡಾಕ್ಟರ್ ಹೇಳಿರೋದು ಅಷ್ಟೇ."

ಅವಳು ನೀರು ಕುಡಿಯಲು ಅತ್ತ ಹೋದದ್ದೇ ತಡ, ಎರ್ಮೆಲಿಂದಾ ಮೇಜಿನ ಮೇಲೆ ಬಗ್ಗಿದಳು. "ಕೊಂಪಾದ್ರೆ, ಬರೀ ತೆಗೆದುಬಿಟ್ರೆ ನನ್ನ ಮಗಳು ಕುಸಿದು ಬೀಳ್ತಾಳೆ. ಹೊಸದು ಹಾಕ್ಸಿ. ಆ ಡಾಕ್ಟರಿಗೇನು, ಚಿಕ್ಕ ಹುಡುಗ."

ನನಗೂ ಅದೇ ಸರಿ ಎನ್ನಿಸಿತು. ಕೇಳಿಟ್ಟರೆ ನಷ್ಟವೇನು? ಸರಳುಗಳನ್ನು ತೆಗೆದು ಹೊಸ ಸರಳುಗಳನ್ನು ಅಳವಡಿಸತಕ್ಕದ್ದು ಎಂದು ಟೈಪ್ ಮಾಡಿದೆ. ಲೀಡಿಸ್ ಬಂದು ಓದಬೇಕು ಎಂದಾಗ, ಕಾನೂನು ನನಗೆ ಬಿಡು, ಸಹಿ ಹಾಕು ಎಂದೆ. ಧರ್ಮಪಿತ ಹೇಳಿದ ಮೇಲೆ ಅವಳು ಹಾಕಿದಳು.

ಒಂಬತ್ತನೇ ದಿನಕ್ಕೆ ಗೆದ್ದೆವು. ಎರ್ಮೆಲಿಂದಾ ಹಂದಿ ಮಾಂಸ ಹುರಿದು ಮರಗೆಣಸಿನ ಜೊತೆ ನನ್ನ ಮೇಜಿಗೇ ತಂದುಕೊಟ್ಟಳು. ನಾನು ಬೆರಳು ನೆಕ್ಕಿಕೊಂಡು ತಿಂದೆ. ಆ ಊಟಕ್ಕೆ ನಾನು ಲಾಯಕ್ಕಾಗಿರಲಿಲ್ಲ.

ಏಕೆಂದರೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಂಪನಿ ಜಡ್ಜಿಯ ಮಾತನ್ನು ಅಕ್ಷರ ಬಿಡದೆ ಪಾಲಿಸಿತು. ಅನುಮತಿ ಬಂದದ್ದು ಹಳೆಯದನ್ನು ತೆಗೆದು ಹೊಸದನ್ನು ಹಾಕುವುದಕ್ಕೆ. ಹಾಕಲು ಹೊಸ ಸರಳು ಬೇಕು. ಸರಳಿಗೆ ಮೂರು ಕಡೆ ದರ ಕೇಳಬೇಕು, ಸಮಿತಿ ಕೂರಬೇಕು, ಹೊರದೇಶದಿಂದ ಬರಬೇಕು. ಅದು ಬರುವ ತನಕ ಆಸ್ಪತ್ರೆ ದಿನ ಕೊಡುವುದಿಲ್ಲ. ಕಂಪನಿ ಜಡ್ಜಿಯ ಆಜ್ಞೆ ಮೀರುತ್ತಿದೆ ಎಂದು ನಾನು ದೂರು ಕೊಟ್ಟೆ. ಮೀರಿಲ್ಲ, ನೋಡಿ, ಸಮಿತಿ ಕೂತಿದೆ ಎಂದು ಅವರು ಕಾಗದ ತೋರಿಸಿದರು. ಜಡ್ಜಿ ಸರಿ ಎಂದು ತಲೆಯಾಡಿಸಿದರು. ಕಾರ್ತಹೇನಾಕ್ಕೆ ಹೋಗಿ ಡಾಕ್ಟರ್ ಒಸ್ಪೀನೋ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿ, "ನಂಗೆ ಬೇಕಾಗಿದ್ದು ಒಂದು ಸ್ಕ್ರೂಡ್ರೈವರು, ಮೂರು ಗಂಟೆ ಟೈಮು. ಕೀವಿನ ಮಧ್ಯೆ ಹೊಸ ಲೋಹ ಹಾಕು ಅಂತ ಬರೆಸಿದ್ದು ಯಾರು ಮಾರಾಯ್ರೇ?" ಎಂದರು. ನಾನು ಕೆಮ್ಮಿ, ಆ ಕಡೆ ನೋಡಿದೆ.

ಮೂರು ತಿಂಗಳು ಹೀಗೆ ಹೋಯಿತು. ಲೀಡಿಸ್ ಒಳಗೊಳಗೇ ಕುದಿಯುತ್ತಿದ್ದಳು. ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುವಷ್ಟು ಸೋರಿಕೆ. ನೇಯ್ದ ಜೋಲಿಗೆ ಕೀವು ತಾಗೀತೆಂದು ಮಗ್ಗದ ಹತ್ತಿರ ಹೋಗುವುದನ್ನೇ ಬಿಟ್ಟಳು. ತಾಯಿ ಎಕ್ಸ್‌ರೇ ಕಡೆ ಕೈಮಾಡಿ, ಇದಕ್ಕಾಗಿ ನಾನೆಷ್ಟು ಅಲೆದಿದ್ದೀನಿ ಗೊತ್ತಾ ಎಂದರೆ, ಅದನ್ನ ಹೊತ್ತುಕೊಂಡಿರೋಳು ನಾನಮ್ಮ ಎನ್ನುತ್ತಿದ್ದಳಂತೆ.

ಒಂದು ಸೋಮವಾರ ಅವಳು ತೀರ್ಪಿನ ಪ್ರತಿ ಹಿಡಿದು ನನ್ನ ಹತ್ತಿರ ಬಂದು, ಹೊಸ ಸರಳು ತನಗೆ ಬೇಡ, ಅದು ಅರ್ಜಿಯಲ್ಲಿ ತಪ್ಪಾಗಿ ಸೇರಿದೆ ಎಂದು ಜಡ್ಜಿಗೆ ಬರೆದುಕೊಡಿ ಎಂದಳು. ಗೆದ್ದದ್ದನ್ನು ಬೇಡ ಎಂದು ಕೋರ್ಟಿಗೆ ಯಾರೂ ಹೋದದ್ದಿಲ್ಲ. ತಪ್ಪು ಎಂದು ಬರೆದರೆ ಯಾರ ತಪ್ಪು ಎಂದು ಕೇಳುತ್ತಾರೆ. ಕೋರ್ಟಿನ ಗುಮಾಸ್ತರು ನನ್ನ ಅರ್ಜಿಗಳನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಾರೆ. ಅದೆಲ್ಲ ತಲೆಗೆ ಬಂತು. ಬೇರೆ ದಾರಿ ಯೋಚಿಸುತ್ತೇನೆ, ಒಂದು ವಾರ ಕೊಡು ಎಂದೆ. ವಾರವಿಡೀ ಯೋಚಿಸಿದ್ದು ನನ್ನ ಹೆಸರು ಬರದ ಹಾಗೆ ಬರೆಯುವುದು ಹೇಗೆ ಎಂದು ಮಾತ್ರ. ಕಾಗದ ಹಾಕುವುದು, ನಾಲ್ಕು ಸಾಲು ಹೊಡೆಯುವುದು, ಕಿತ್ತು ಹರಿಯುವುದು. ನನ್ನಂಥ ದರಿದ್ರ ಮನುಷ್ಯ ಇನ್ನೊಬ್ಬನಿರಲಾರ.

ಎಂಟನೇ ದಿನ ಮಧ್ಯಾಹ್ನ ಅವಳು ಒಬ್ಬಳೇ ನಡೆದು ಬಂದಳು. ಮುಖ ಕೆಂಪಗಿತ್ತು, ತುಟಿ ಒಡೆದಿತ್ತು, ಜ್ವರ ದೂರದಿಂದಲೇ ತಿಳಿಯುತ್ತಿತ್ತು. ಕುರ್ಚಿ ತೋರಿಸಿದೆ. ಕೂರಲಿಲ್ಲ. ಬರೆದಿರಾ ಎಂದು ಕೇಳಿದಳು. ಕಾನೂನಿನಲ್ಲಿ ಅದಕ್ಕೆ ಇಂಥ ಕಲಮು ಎಂದು ನಾನು ಶುರು ಮಾಡಿದೆ. ಅವಳು ಬೆನ್ನು ತಿರುಗಿಸಿ, ನಡುಬೀದಿಯಲ್ಲಿ, ರವಿಕೆಯನ್ನು ಹಿಂದಿನಿಂದ ಮೇಲೆತ್ತಿದಳು.

ಆ ಬೆನ್ನಿನ ಬಗ್ಗೆ ನನ್ನಷ್ಟು ಬರೆದವರು ಯಾರೂ ಇಲ್ಲ. ಹದಿನೇಳು ವರ್ಷದಲ್ಲಿ ನೋಡಿದ್ದು ಅವತ್ತೇ. ಕತ್ತಿನಿಂದ ಸೊಂಟದವರೆಗೆ ಹೊಲಿಗೆಯ ಗೆರೆ. ಅದರ ಕೊನೆಯಲ್ಲಿ ಒಂದಲ್ಲ, ಮೂರು ತೂತು. ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ತೂತಿನೊಳಗೆ ಲೋಹದ ತುದಿ ಹೊಳೆಯುತ್ತಿತ್ತು. ನನ್ನ ಮೇಜಿಗೆ ಸಾಲು ನಿಂತಿದ್ದವರು ವಾಸನೆಗೆ ಮುಖ ತಿರುಗಿಸಿದರು.

"ಇದನ್ನ ನೋಡ್ಕೊಂಡು ಬರೀರಿ," ಎಂದಳು.

ಬರೆದೆ. ಅರ್ಜಿದಾರಳು ಹೊಸ ಸರಳು ಕೇಳಿರಲಿಲ್ಲ, ಅವಳು ಬೇಡವೆಂದರೂ ಅದನ್ನು ಸೇರಿಸಿದವನು ನಾನು, ತಪ್ಪು ನನ್ನದು, ತೆಗೆಯುವುದೊಂದಕ್ಕೇ ಆಜ್ಞೆಯಾಗಲಿ. ಕೆಳಗೆ ನನ್ನ ಸಹಿ, ಗುರುತಿನ ಚೀಟಿಯ ನಂಬರು. ಒಟ್ಟು ಹತ್ತು ನಿಮಿಷ ಹಿಡಿಯಿತು. ಜಡ್ಜಿ ಅದೇ ಸಂಜೆ ತಿದ್ದಿದರು. ಖರ್ಚು ತಪ್ಪಿತೆಂದು ಕಂಪನಿ ಮರುದಿನವೇ ಅನುಮತಿ ಕೊಟ್ಟಿತು. ಗುರುವಾರ ಸರಳು ಹೊರಗೆ ಬಂದಿತ್ತು. ಮೂರು ತಿಂಗಳಿಂದ ನಾವು ಬಡಿಯುತ್ತಿದ್ದ ಬಾಗಿಲಿಗೆ ಬೀಗವನ್ನು ಜಡಿದವನು ನಾನೇ ಎಂದು ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಪ್ಪಿಕೊಂಡೆ, ನನ್ನೊಳಗೆ ಮಾತ್ರ.

ಲೀಡಿಸ್ ಕುಸಿದು ಬೀಳಲಿಲ್ಲ. ಬೆಸೆದ ಮೂಳೆ ಡಾಕ್ಟರ್ ಹೇಳಿದ ಹಾಗೆ ಗಟ್ಟಿಯಾಗಿಯೇ ಇತ್ತು. ಆದರೆ ಸೋಂಕು ಕೊನೆಯ ಸ್ಕ್ರೂ ದಾಟಿ, ಅದರ ಕೆಳಗಿನ ಕೀಲಿಗೆ ಇಳಿದು, ಅಲ್ಲಿ ಮೂಳೆ ತಿಂದಿತ್ತು. ಆರು ವಾರ ನರಕ್ಕೆ ಔಷಧಿ ಏರಿಸಿದರು. ಜೀವ ಉಳಿಯಿತು, ಗಾಯ ಮುಚ್ಚಿತು. ಸೊಂಟ ಎಡಕ್ಕೆ ವಾಲಿತು, ನೋವು ಉಳಿಯಿತು. ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾಗುವುದಿಲ್ಲ ಎಂದ ಮೇಲೆ ಜೋಲಿಯ ಮಗ್ಗ ಅವಳಿಗಿಲ್ಲ. ಈಗ ಕೂತು ಕೈಚೀಲ ಹೆಣೆಯುತ್ತಾಳೆ.

ಬಿಡುಗಡೆಯ ದಿನ ನಾನು ಡಾಕ್ಟರ್ ಒಸ್ಪೀನೋ ಅವರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ, ಮೂರು ತಿಂಗಳ ಮೊದಲೇ ತೆಗೆದಿದ್ದರೆ? ಅವರು ಸುತ್ತಿಬಳಸಲಿಲ್ಲ. ಆಗ ಆ ಕೀಲು ಚೆನ್ನಾಗಿತ್ತು, ಎಕ್ಸ್‌ರೇ ಫಿಲ್ಮಿನಲ್ಲಿದೆ, ಬೇಕಾದರೆ ನೋಡಿ ಎಂದರು.

ಅದನ್ನು ಲೀಡಿಸ್‌ಗೆ ಹೇಳಬೇಕೆಂದು ಪ್ರತಿ ಭಾನುವಾರ ಅವಳ ಮನೆಗೆ ಹೋಗುತ್ತಿದ್ದೆ. ಕಾಫಿ ಕುಡಿದು, ಬಿಸಿಲಿನ ಬಗ್ಗೆ, ಕಂಪನಿಯ ಕಳ್ಳರ ಬಗ್ಗೆ ಮಾತಾಡಿ ಎದ್ದು ಬರುತ್ತಿದ್ದೆ. ಕಂಪನಿಯವರನ್ನು ಬಯ್ಯುವುದು ಎಷ್ಟು ಸಲೀಸು. ಐದು ತಿಂಗಳಾದ ಮೇಲೆ ಒಂದು ಭಾನುವಾರ, ಎರ್ಮೆಲಿಂದಾ ಚರ್ಚಿನ ಪೂಜೆಗೆ ಹೋಗಿದ್ದಾಗ, ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಡಾಕ್ಟರನ್ನು ಕೇಳಿದ್ದು, ಅವರು ಹೇಳಿದ್ದು, ಬೇರೆ ದಾರಿ ಯೋಚಿಸುತ್ತೇನೆಂದು ಸುಳ್ಳು ಹೇಳಿ ಕಳೆದ ಆ ವಾರ.

ಲೀಡಿಸ್ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ನಿಮಗಿಂತ ಮುಂಚೆ ನಾನೇ ಅವರನ್ನ ಕೇಳಿದ್ದೆ," ಎಂದಳು. "ನೀವಾಗೇ ಬಂದು ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ. ಅದಕ್ಕೂ ಐದು ತಿಂಗಳು ಕಾಯಿಸಿದ್ರಿ."