ಉಪ್ಪು ಹಚ್ಚಿಸಿದ ಅಕ್ಕ

ಪಕ್ಕದ ಮನೆಯ ಅಕ್ಕನ ಬೆರಳುಗಳು ಉಪ್ಪಿಗೆ ಸೀಳಿ, ಸೀಳಿದಲ್ಲಿ ಬೆಳ್ಳಗೆ ಗಟ್ಟಿಯಾಗಿದ್ದವು. ಆ ಬೆರಳುಗಳಿಂದ ಅವಳು ನನ್ನ ರಟ್ಟೆ ಹಿಡಿದರೆ ಸಂಜೆಯವರೆಗೂ ಉರಿಯುತ್ತಿತ್ತು.

ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮ ಮನೆ. ಉಪ್ಪಿನ ಸತ್ಯಾಗ್ರಹದ ಮರುವರ್ಷ, ದೀಪಾವಳಿ ಕಳೆದ ಮೇಲೆ, ನನ್ನ ಎರಡು ವರ್ಷದ ಮಗಳು ಜ್ವರದಲ್ಲಿ ಹೋದಳು. ನಾನು ಚಾಪೆ ಹಿಡಿದೆ. ಮೀನು ಒಣಗಿಸುವ ದಿನಗಳವು, ಮನೆತುಂಬ ಕೆಲಸ. ಆದರೆ ಅತ್ತೆ ನನ್ನನ್ನು ಮೀನಿನ ಹತ್ತಿರ ಬಿಡಲಿಲ್ಲ. ಅಳುವವಳ ಕೈ ತಾಗಿದರೆ ಒಣಮೀನಿಗೆ ಹುಳ ಬೀಳುತ್ತದಂತೆ! ಕೆಲಸ ಕಸಿದುಕೊಂಡು, ಕತ್ತಲ ಮೂಲೆಯಲ್ಲಿ ಕೂಡಿಸಿ, ಎರಡು ತಿಂಗಳಾದ ಮೇಲೆ ಅವಳೇ ಹೇಳಿದಳು: “ಇವ್ಳಿಗೆ ಮಳ್ಳು ಹಿಡ್ದದೆ. ತವರಿಗೆ ಕಳ್ಸಿ ಬೇರೆ ಹೆಣ್ಣು ನೋಡ್ವಾ.” ನನ್ನ ಗಂಡ ಅದನ್ನು ಕೇಳಿಸಿಕೊಂಡೇ ಬಲೆ ಹೊತ್ತು ಕಡಲಿಗೆ ನಡೆದ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಮರುದಿನ ಬೆಳಗ್ಗೆ ಅಕ್ಕ ಒಳಗೆ ನುಗ್ಗಿದಳು.

“ಏಳೇ! ಎಂತಾ ಹೆಣದ ಹಾಂಗೆ ಬಿದ್ಕಂಡೀ? ಮೊದ್ಲು ಮೀ. ತಲೆ ಬಾಚ್ಕ. ನನ್ನ ಬಂಗಡೆ ಅಲ್ಲಿ ಕೊಳೀತದೆ.”

“ನನ್ನ ಕೈ ತಾಗ್ಬಾರ್ದು ಅಕ್ಕಾ.”

“ನನ್ನ ಮೀನು, ನನ್ನ ಉಪ್ಪು. ಹುಳ ಬಿದ್ರೆ ನಾ ನೋಡ್ಕತ್ತೆ.”

ಅಂದಿನಿಂದ ದಿನಾ ಬಿಸಿಲೇರುವ ಮೊದಲು ಬಾವಿ, ಸ್ನಾನ, ಬಿಸಿ ಗಂಜಿ. ಆಮೇಲೆ ಅವಳ ಅಂಗಳದಲ್ಲಿ ಬಂಗಡೆ ಸೀಳಿ ಉಪ್ಪು ಹಚ್ಚುವುದು. ಅಳು ಬಂದರೆ ಸಮಾಧಾನ ಮಾಡುತ್ತಿರಲಿಲ್ಲ. “ಅಳು, ಯಾರು ಬೇಡ ಅಂದ್ರು? ಕೈ ನಿಲ್ಲಸ್ಬೇಡ” ಎನ್ನುತ್ತಿದ್ದಳು. ಸಂಜೆ ದಂಡೆಯುದ್ದಕ್ಕೂ ನಡೆಸಿ ಮಗಳ ಹೆಸರನ್ನು ನನ್ನ ಬಾಯಲ್ಲೇ ಹೇಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕ್ರಮೇಣ ಹಸಿವೆ ಬಂತು, ನಿದ್ದೆ ಬಂತು. ತವರಿಗೆ ಕಳಿಸುವ ಮಾತು ನಿಂತಿತು.

ನಾನು ಉಪ್ಪು ಹಚ್ಚಿದ ಆ ಮೀನು ಏನಾಯಿತೆಂದು ಕೇಳಿದಾಗ, “ಕಾರವಾರದ ಸಂತೇಲಿ ಎಲ್ಲಾ ಹೋಯ್ತೇ” ಎಂದಿದ್ದಳು. ನಾನು ನಂಬಿದೆ.

ಐದಾರು ವರ್ಷಗಳ ಮೇಲೆ ಅಕ್ಕ ತೀರಿಕೊಂಡಳು. ಹನ್ನೊಂದನೆಯ ದಿನ ಅವಳ ಮಗಳು ನಿಜ ಹೇಳಿದಳು. ನಮ್ಮ ಅತ್ತೆ ಸಂತೆಗೇ ಹೋಗಿ ಆ ಮೀನು ಯಾರ ಕೈಯದೆಂದು ಸಾರಿ ಬಂದಿದ್ದಳಂತೆ. ಒಬ್ಬರೂ ಕೊಳ್ಳಲಿಲ್ಲ. ಒಂದು ಹುಳವೂ ಬೀಳದ ಆ ಮೀನನ್ನು ವಾಪಸು ಹೊತ್ತು ತಂದು, ಅಕ್ಕಿಗೆ ಗತಿಯಿಲ್ಲದೆ, ಅವರ ಮನೆಯವರು ಮಳೆಗಾಲವಿಡೀ ಅದನ್ನೇ ತಿಂದಿದ್ದರು.

ಅತ್ತೆಯ ಮುಂದೆ ಹೋಗಿ ನಿಂತೆ. “ಹೌದು, ಹೇಳ್ದೆ. ಹುಳ ಬಿದ್ರೆ ನಮ್ಮನೆ ಹೆಸ್ರೇ ಬರ್ತಿತ್ತು. ಮನೆ ಮರ್ಯಾದಿ ಬೇಡ್ವಾ?” ಎಂದಳು. ಅಂದಿನಿಂದ ಅವಳು ಬಡಿಸಿದ ಅನ್ನವನ್ನು ನಾನು ಉಣ್ಣಲಿಲ್ಲ.

ಸುಳ್ಳು ಹೇಳಿದ ಅಕ್ಕನ ಮೇಲೂ ನನಗೆ ಸಿಟ್ಟಿದೆ. ನಿಜ ಹೇಳಿದ್ದರೆ ನಾನು ಮತ್ತೆ ಏಳುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.